ಯಲಹಂಕದಲ್ಲಿ ಒಂದು ಬೋಟಿನ ಟ್ಯಾಂಕಿ

ಯಲಹಂಕದಲ್ಲಿ ನಿಂತು ಬೋಟಿನ ಮಾತೆತ್ತಿದರೆ ಜನ ನಗುತ್ತಾರೆ. ಇದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ನೆಲ. ಇಲ್ಲಿ ನೀರು ಎಂದರೆ ಊರ ಕೆರೆ, ಆಚೆಗೆ ಪುಟ್ಟೇನಹಳ್ಳಿಯ ಹಕ್ಕಿಗಳ ಕೆರೆ. ಸದ್ದು ಎಂದರೆ ವಾಯುಪಡೆಯ ವಿಮಾನಗಳದ್ದು, ದೊಡ್ಡಬಳ್ಳಾಪುರ ರಸ್ತೆಯ ಲಾರಿಗಳದ್ದು. ಆದರೂ 2024ರ ಮಳೆಗಾಲದ ಎರಡು ತಿಂಗಳು ನಮ್ಮ ಮನೆಯಲ್ಲಿ ನಡೆದ ಮಾತೆಲ್ಲ ಬೋಟಿನದೇ. ಭಟ್ಕಳ ತಾಲ್ಲೂಕಿನ ತೆಂಗಿನಗುಂಡಿಯಲ್ಲಿ ನಿಂತಿದ್ದ ಒಂದು ಹಳೆಯ ಬೋಟಿಗೆ ಡೀಸೆಲ್ ಟ್ಯಾಂಕಿ ಬದಲಾಗಬೇಕಿತ್ತು. ಅದು ತಯಾರಾದದ್ದು ಯಲಹಂಕದಲ್ಲಿ, ಸಮುದ್ರವನ್ನು ಒಮ್ಮೆಯೂ ಕಾಣದ ಒಬ್ಬ ಮೇಸ್ತ್ರಿಯ ಕೈಯಲ್ಲಿ.

ತೆಂಗಿನಗುಂಡಿಗೂ ನಮಗೂ ಇರುವ ನಂಟು ನಮ್ಮ ತಂಗಿಯದು. ಅವಳನ್ನು ಕೊಟ್ಟದ್ದು ಮೀನುಗಾರರ ಮನೆಗೆ. ಅವಳ ಗಂಡ ನಮಗಿಂತ ಎರಡು ವರ್ಷ ದೊಡ್ಡವರು, ಆದ್ದರಿಂದ ನಮಗೆ ಭಾವ. ಅವರ ಮನೆಮಾತು ಕೊಂಕಣಿ, ನಮ್ಮದು ದಖನಿ ಉರ್ದು. ಎರಡೂ ಮನೆಗಳು ಸೇರಿದಾಗ ಮಾತು ಕನ್ನಡಕ್ಕೆ ಬಂದು ನಿಲ್ಲುತ್ತದೆ. ಭಾವನದು 32 ಅಡಿ ಉದ್ದದ ಬೋಟು, 22 ವರ್ಷ ಹಳೆಯದು. ಬೆಳಗಿನ ಜಾವ ಹೋಗಿ ಸಂಜೆಯೊಳಗೆ ಮರಳುವ ಮೀನುಗಾರಿಕೆ. ಭಾವನೇ ತಂಡೇಲ, ಜೊತೆಗೆ ಮೂವರು ಕಲಾಸಿಗಳು. ನಾಲ್ಕು ಮನೆಗಳ ಅನ್ನ ಅದರಲ್ಲಿದೆ.

ಮೇ ತಿಂಗಳ ಕೊನೆಯಲ್ಲಿ ತಂಗಿ ಫೋನ್ ಮಾಡಿದಳು. "ಭಾಯಿ, ಬೋಟಿನ ಇಂಜಿನ್ ಮೂರು ಸಲ ನೀರಿನ ಮೇಲೆ ನಿಂತು ಹೋಗಿದೆಯಂತೆ. ಇವರು ಒಂದು ಮಾತೂ ಹೇಳಿಲ್ಲ. ನನಗೆ ಹೇಳಿದ್ದು ದಕ್ಕೆಯಲ್ಲಿ ಮೀನು ಮಾರುವಾಕೆ" ಎಂದಳು. ಅವಳ ದನಿಯಲ್ಲಿ ಭಯಕ್ಕಿಂತ ಸಿಟ್ಟು ಹೆಚ್ಚಿತ್ತು. ಗಂಡ ಪ್ರಾಣಾಪಾಯದಿಂದ ಪಾರಾಗಿ ಬಂದು, ಎಂದಿನಂತೆ ಕೈಕಾಲು ತೊಳೆದು ಊಟಕ್ಕೆ ಕುಳಿತಿದ್ದನಲ್ಲ ಎಂಬ ಸಿಟ್ಟು.

ಭಾವನನ್ನು ಕೇಳಿದಾಗ ಅವರು ಮೊದಲು ನಕ್ಕರು. ಆಮೇಲೆ ಒಂದೊಂದಾಗಿ ಹೇಳಿದರು. ಎರಡು ಸಲ ನಿಂತದ್ದು ಹೊರಗೆ, ತಿಳಿ ನೀರಿನಲ್ಲಿ. ಫಿಲ್ಟರ್ ಬದಲಿಸಿ ಚಾಲೂ ಮಾಡಿದ್ದರು. ಮೂರನೆಯದು ಅಳಿವೆಯಲ್ಲಿ. ನದಿ ಸಮುದ್ರ ಸೇರುವ ಬಾಯಿಗೆ ಕರಾವಳಿಯವರು ಅಳಿವೆ ಎನ್ನುತ್ತಾರೆ. ಅಲ್ಲಿ ಮರಳು ತುಂಬಿ ನೀರು ತೆಳ್ಳಗಿರುತ್ತದೆ. ಹೊರಗಿನಿಂದ ಬರುವ ಅಲೆ ಅಲ್ಲಿಗೆ ತಲುಪಿದಾಗ ಎದ್ದು ಒಡೆಯುತ್ತದೆ. ಅದನ್ನು ದಾಟಲು ಇಂಜಿನ್ನಿನ ಬಲ ಬೇಕೇ ಬೇಕು. ಬಲ ತಪ್ಪಿದರೆ ಬೋಟು ಅಲೆಗೆ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ಬೋಟನ್ನು ಎರಡನೆಯ ಅಲೆ ಮಗುಚುತ್ತದೆ. ಆ ದಿನ ಹಿಂದೆಯೇ ಬರುತ್ತಿದ್ದ ಇನ್ನೊಂದು ಬೋಟಿನವರು ಹಗ್ಗ ಎಸೆದು ಎಳೆದುಕೊಂಡರು. ಇಷ್ಟೇ ಕಥೆ.

"ಅಳಿವೆಯಲ್ಲೇ ಯಾಕೆ ನಿಲ್ಲಬೇಕು?" ಎಂದು ಕೇಳಿದೆವು. ಭಾವನಿಗೆ ಅದರ ಉತ್ತರ ಗೊತ್ತಿತ್ತು. ಟ್ಯಾಂಕಿಯ ತಳದಲ್ಲಿ ಕೆಸರು ಕೂತಿತ್ತು. ಬೋಟು ಸಮನಾಗಿ ಹೋಗುವಾಗ ಕೆಸರು ತಳದಲ್ಲೇ ಇರುತ್ತದೆ, ಇಂಜಿನ್ ಮೇಲಿನ ಶುದ್ಧ ಎಣ್ಣೆ ಕುಡಿಯುತ್ತದೆ. ಅಲೆಗೆ ಬೋಟು ಕುಲುಕಿದಾಗ ಕೆಸರೆಲ್ಲ ಕದಡಿ ಪೈಪಿಗೆ ಬರುತ್ತದೆ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಅಂದರೆ ಕೆಟ್ಟ ಟ್ಯಾಂಕಿ ಶಾಂತವಾದ ದಿನ ಏನೂ ಹೇಳುವುದಿಲ್ಲ. ಇಂಜಿನ್ ಅತ್ಯಂತ ಅಗತ್ಯವಾದ ಗಳಿಗೆಯಲ್ಲೇ ಅದು ಕೈಕೊಡುತ್ತದೆ. ಭಾವ ಇದಕ್ಕೆ ಕಂಡುಕೊಂಡಿದ್ದ ಪರಿಹಾರವೆಂದರೆ ಬೋಟಿನಲ್ಲಿ ಆರು ಹೊಸ ಫಿಲ್ಟರ್ ಇಟ್ಟುಕೊಳ್ಳುವುದು.

ಡೀಸೆಲ್ ಟ್ಯಾಂಕಿಯಲ್ಲಿ ಕೆಸರು ಎಲ್ಲಿಂದ ಬರುತ್ತದೆ? ಮೂಲ ನೀರು. ಹಗಲು ಬಿಸಿಯಾಗಿ ರಾತ್ರಿ ತಣ್ಣಗಾಗುವ ಟ್ಯಾಂಕಿ ಉಸಿರಾಡುತ್ತದೆ. ಅರ್ಧ ಖಾಲಿ ಇದ್ದರೆ ಒಳಗಿನ ತೇವದ ಗಾಳಿ ತಗಡಿನ ಮೇಲೆ ಬೆವರಾಗಿ ಇಳಿಯುತ್ತದೆ. ಮುಚ್ಚಳದ ವಾಷರ್ ಸವೆದಿದ್ದರೆ ಮಳೆನೀರು, ಉಪ್ಪುನೀರು ಸೇರುತ್ತದೆ. ನೀರು ಎಣ್ಣೆಗಿಂತ ಭಾರ, ಆದ್ದರಿಂದ ತಳ ಸೇರುತ್ತದೆ. ನೀರು ಮತ್ತು ಎಣ್ಣೆ ಕೂಡುವ ಗೆರೆಯಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಹುಟ್ಟಿ ಬೆಳೆಯುತ್ತವೆ. ಅವು ಎಣ್ಣೆಯನ್ನೇ ತಿಂದು ಕಪ್ಪು ಲೋಳೆ ಬಿಡುತ್ತವೆ, ಹುಳಿಯನ್ನೂ ಬಿಡುತ್ತವೆ. ಆ ಹುಳಿ ಕಬ್ಬಿಣದ ತಗಡನ್ನು ಒಳಗಿನಿಂದ ಚುಚ್ಚುತ್ತದೆ. ಹೊರಗಿನಿಂದ ಬೋಟಿನ ಹೊಟ್ಟೆಯಲ್ಲಿ ನಿಲ್ಲುವ ಉಪ್ಪುನೀರು ತಿನ್ನುತ್ತಿರುತ್ತದೆ. ಎರಡು ಕಡೆಯಿಂದ ತಿಂದರೆ ತಗಡು ಎಷ್ಟು ದಿನ ಬಾಳೀತು?

ನಮ್ಮ ಕರಾವಳಿಗೆ ಇಂಜಿನ್ ಬಂದದ್ದೇ ಸ್ವಾತಂತ್ರ್ಯದ ನಂತರ. 1952ರಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆ ಒಪ್ಪಂದ ಮಾಡಿಕೊಂಡು ಕೇರಳದ ಕೊಲ್ಲಂ ಬಳಿ ಯಾಂತ್ರಿಕ ಮೀನುಗಾರಿಕೆಯ ಯೋಜನೆ ಆರಂಭಿಸಿದವು. ಮುಂದೆ ಆ ಕೆಲಸ ಕಾರವಾರಕ್ಕೂ ಬಂತು. ಭಾವನ ಅಜ್ಜ ಹಾಯಿ ಮತ್ತು ಹುಟ್ಟಿನವರು. ಗಾಳಿ ನೋಡುವುದು, ಹಗ್ಗ ನೋಡುವುದು, ಮರದ ಸಂದು ನೋಡುವುದು ಅವರಿಗೆ ಗೊತ್ತಿತ್ತು. ಅವರ ದೋಣಿಯಲ್ಲಿ ಕಣ್ಣಿಗೆ ಕಾಣದ ಭಾಗವೇ ಇರಲಿಲ್ಲ. ಇಂಜಿನ್ನಿನ ಜೊತೆಗೆ ಹಲಗೆಯ ಕೆಳಗೆ ಒಂದು ಮುಚ್ಚಿದ ಪೆಟ್ಟಿಗೆ ಬಂತು. ಅದರಲ್ಲಿ ಎಣ್ಣೆ ತುಂಬಲು ಒಂದು ತೂತು, ಎಣ್ಣೆ ಎಳೆಯಲು ಒಂದು ತೂತು. ಒಳಗೆ ಏನಾಗುತ್ತಿದೆ ಎಂದು ನೋಡಲು ಬಾಯಿ ಇಲ್ಲ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳ ಬಣ್ಣ, ರಿಪೇರಿ, ಇಂಜಿನ್ ಕೆಲಸ ಎಲ್ಲವೂ ಅಷ್ಟರಲ್ಲೇ ಮುಗಿಯಬೇಕು. ಊರಿನ ವೆಲ್ಡಿಂಗ್ ಅಂಗಡಿಗಳ ಮುಂದೆ ಬೋಟಿನವರದೇ ಸಾಲು. ಒಂದು ಅಂಗಡಿಯವರು ಮೂರು ಸಾವಿರಕ್ಕೆ ತೇಪೆ ಹಾಕಿಕೊಡುತ್ತೇವೆ, ಹೊಸದಾದರೆ ಆಗಸ್ಟ್ ಕಳೆಯಬೇಕು ಎಂದರಂತೆ. ಆಗಸ್ಟ್ ತಿಂಗಳು ಕಳೆಯುವುದೆಂದರೆ ವರ್ಷದ ಒಳ್ಳೆಯ ಮೀನು ಕಳೆಯುವುದು. ಭಾವ ತೇಪೆಗೆ ಮನಸ್ಸು ಮಾಡಿದ್ದರು. ತಂಗಿ ಒಪ್ಪಲಿಲ್ಲ. ಹಾಗಾಗಿ ಮಾತು ಯಲಹಂಕಕ್ಕೆ ಬಂತು.

ನಮ್ಮ ಬಡಾವಣೆಯ ಹಿಂಬದಿಯಲ್ಲಿ ಒಂದು ತಗಡಿನ ಶೆಡ್ಡಿದೆ. ಅಲ್ಲಿ ಅರವತ್ತು ದಾಟಿದ ಮೇಸ್ತ್ರಿಯೊಬ್ಬರು ಆರ್ಗಾನ್ ವೆಲ್ಡಿಂಗ್ ಮಾಡುತ್ತಾರೆ. ಯಲಹಂಕದಲ್ಲಿ ಮದರ್ ಡೇರಿ ಇರುವುದರಿಂದ ಹಾಲಿನ ಟ್ಯಾಂಕರುಗಳು ಈ ರಸ್ತೆಗಳಲ್ಲಿ ಹಗಲೂ ರಾತ್ರಿ ಓಡುತ್ತವೆ. ಮೇಸ್ತ್ರಿ ಮೂವತ್ತು ವರ್ಷದಿಂದ ಟ್ಯಾಂಕರ್ ಮಾಲೀಕರಿಗೆ, ಹಾಲಿನ ಸೊಸೈಟಿಗಳಿಗೆ ಸ್ಟೀಲಿನ ಕೆಲಸ ಮಾಡಿಕೊಟ್ಟವರು. ನಾವು ಹೋಗಿ ವಿಷಯ ಹೇಳಿದಾಗ, "ಸಮುದ್ರ ಟಿ.ವಿ.ಲಿ ನೋಡಿದ್ದೀನಿ ಸಾಬ್ರೇ" ಎಂದರು. ಆಮೇಲೆ ಸ್ಟೂಲು ಎಳೆದುಕೊಂಡು ಕೂತು, "ಹೇಳಿ, ಅದು ಹೆಂಗೆ ಆಡತ್ತೆ?" ಎಂದು ಕೇಳಿದರು. ಅಳತೆ ಕೇಳುವ ಮುನ್ನ ಆಟ ಕೇಳಿದರು. ಅವರ ಮೇಲೆ ನಮಗೆ ನಂಬಿಕೆ ಹುಟ್ಟಿದ್ದು ಆಗಲೇ.

ತೇಪೆಯ ಮಾತನ್ನು ಅವರು ಮೊದಲೇ ತಳ್ಳಿಹಾಕಿದರು. ಒಂದು ತೂತು ಕಂಡ ತಗಡಿನಲ್ಲಿ ಕಾಣದ ಹತ್ತು ತೂತು ತಯಾರಾಗುತ್ತಿರುತ್ತವೆ. ಬೆಂಕಿ ಹಿಡಿದರೆ ಪಕ್ಕದ ತಗಡು ಜಾಳಿಗೆಯಂತೆ ಬಿಚ್ಚಿಕೊಳ್ಳುತ್ತದೆ. ಇನ್ನೊಂದು ಮಾತನ್ನೂ ಹೇಳಿದರು: "ತುಂಬಿರೋ ಟ್ಯಾಂಕಿಗಿಂತ ಖಾಲಿ ಟ್ಯಾಂಕಿ ಕೆಟ್ಟದ್ದು. ಒಳಗೆ ಎಣ್ಣೆ ಇರಲ್ಲ, ಎಣ್ಣೆಯ ಆವಿ ಇರತ್ತೆ." ಗಾಳಿಯ ಜೊತೆ ಬೆರೆತ ಆ ಆವಿಗೆ ವೆಲ್ಡಿಂಗ್ ಶಾಖ ತಗುಲಿದರೆ ಟ್ಯಾಂಕಿ ಸಿಡಿಯುತ್ತದೆ. ಡೀಸೆಲ್ ತಾನೆ, ಪೆಟ್ರೋಲ್ ಅಲ್ಲವಲ್ಲ ಎಂಬ ಧೈರ್ಯ ಇಲ್ಲಿ ನಡೆಯದು. ಗೋಡೆಗೆ ಅಂಟಿದ ಡೀಸೆಲ್ ಬಿಸಿಯಾದಾಗ ಅದೂ ಆವಿಯೇ. ಸೋಡಾ ಹಾಕಿದ ಬಿಸಿನೀರಿನಲ್ಲಿ ತೊಳೆದು, ಬೆಸೆಯುವ ಜಾಗದ ಹತ್ತಿರದವರೆಗೂ ನೀರು ತುಂಬಿಸದೆ ಹಳೆಯ ಟ್ಯಾಂಕಿಗೆ ಯಾರೂ ಕೈ ಹಾಕಬಾರದು. ಈ ಮಾತನ್ನು ನಾವು ಆ ರಾತ್ರಿಯೇ ತೆಂಗಿನಗುಂಡಿಗೆ ಮುಟ್ಟಿಸಿದೆವು. ಭಾವನೂ ಕಲಾಸಿಗಳೂ ಹಳೆಯದನ್ನು ತೊಳೆದು, ಕಿಡಿ ಹಾರಿಸುವ ಗ್ರೈಂಡರ್ ಮುಟ್ಟದೆ, ಕೈಗರಗಸದಲ್ಲಿ ಕತ್ತರಿಸಿ ಹೊರತೆಗೆದರು.

ಕತ್ತರಿಸಲೇಬೇಕಿತ್ತು. ಹಳೆಯ ಟ್ಯಾಂಕಿ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಒಂದು ಅಡಿ ಎತ್ತರ. ಸುಮಾರು 225 ಲೀಟರ್. ಡೆಕ್ಕಿನ ಬಾಯಿ ಇದ್ದದ್ದು 30 ಇಂಚಿಗೆ 26 ಇಂಚು. ಬೋಟು ಕಟ್ಟುವಾಗ ಮೊದಲು ಟ್ಯಾಂಕಿ ಇಟ್ಟು ಆಮೇಲೆ ಮೇಲೆ ಹಲಗೆ ಹೊಡೆದಿದ್ದರು. ಅದೇ ಅಳತೆಯ ಹೊಸದನ್ನು ಇಳಿಸಬೇಕಾದರೆ ಡೆಕ್ಕನ್ನೇ ಕೊಯ್ಯಬೇಕು. ಮೇಸ್ತ್ರಿ ಸೀಮೆಸುಣ್ಣದಿಂದ ನೆಲದ ಮೇಲೆ ಬರೆದು ನೋಡಿ, "ಒಂದರ ಬದಲು ಎರಡು ಮಾಡಿ" ಎಂದರು. ಎರಡು ಅಡಿ ಉದ್ದ, ಎರಡು ಅಡಿ ಅಗಲ, ಒಂದು ಅಡಿ ಎತ್ತರದ ಎರಡು ಟ್ಯಾಂಕಿ. ಎರಡೂ ಬಾಯಿಯಲ್ಲಿ ಸಲೀಸಾಗಿ ಇಳಿಯುತ್ತವೆ. ಒಂದೊಂದಕ್ಕೆ ಬೇರೆ ವಾಲ್ವು. ಒಂದು ಕೈಕೊಟ್ಟರೆ ಅದನ್ನು ಮುಚ್ಚಿ ಇನ್ನೊಂದನ್ನು ತಿರುಗಿಸಬಹುದು. ಇಕ್ಕಟ್ಟಿನಿಂದ ಹುಟ್ಟಿದ ಉಪಾಯವೇ ಅಳಿವೆಯ ಭಯಕ್ಕೂ ಉತ್ತರವಾಯಿತು.

ಮುಂದಿನ ವಾರಗಳಲ್ಲಿ ನಮ್ಮ ಕೆಲಸ ದುಭಾಷಿಯದು. ಶೆಡ್ಡಿನಲ್ಲಿ ಫೋನಿನ ಸ್ಪೀಕರ್ ಹಾಕಿ ಕೂರುತ್ತಿದ್ದೆವು. ಬೆಂಗಳೂರಿನ ಕನ್ನಡಕ್ಕೆ ಅಳಿವೆ ಅರ್ಥವಾಗದು, ಕರಾವಳಿಯ ಕನ್ನಡಕ್ಕೆ ಶೆಡ್ಡಿನ ಭಾಷೆ ಅರ್ಥವಾಗದು. ಆದರೆ ಲೋಹದ ವಿಷಯಕ್ಕೆ ಬಂದಾಗ ಇಬ್ಬರೂ ಒಬ್ಬರನ್ನೊಬ್ಬರು ಬೇಗ ಹಿಡಿಯುತ್ತಿದ್ದರು.

"ಅರ್ಧ ತುಂಬಿದ ಹಾಲಿನ ಟ್ಯಾಂಕರ್ ತಿರುವಿನಲ್ಲಿ ಉರುಳೋದು ಯಾಕೆ ಗೊತ್ತಾ?" ಎಂದು ಮೇಸ್ತ್ರಿ ಕೇಳಿದರು. ಹಾಲೆಲ್ಲ ಒಂದೇ ಕಡೆಗೆ ಓಡುತ್ತದೆ. ಬೋಟಿನಲ್ಲೂ ಅಷ್ಟೆ. 225 ಲೀಟರ್ ಡೀಸೆಲ್ ಎಂದರೆ ಸುಮಾರು 190 ಕೆ.ಜಿ. ಅದು ಬೋಟು ವಾಲಿದ ಕಡೆಗೇ ಓಡಿದರೆ ವಾಲಿದ್ದು ಇನ್ನಷ್ಟು ವಾಲುತ್ತದೆ. ಅದಕ್ಕೇ ಒಳಗೆ ಅಡ್ಡ ತಡೆ ತಗಡು ನಿಲ್ಲಿಸಬೇಕು. ತಡೆಯ ಮೂಲೆಗಳನ್ನು ಮಾತ್ರ ಕತ್ತರಿಸಿ ಬಿಡಬೇಕು, ಇಲ್ಲವಾದರೆ ತಳದ ನೀರು ಅಲ್ಲಲ್ಲೇ ಕಟ್ಟಿ ನಿಲ್ಲುತ್ತದೆ.

"ನಿಂತಾಗ ಬೋಟು ಯಾವ ಕಡೆ ತಗ್ಗು? ಓಡುವಾಗ ಯಾವ ಕಡೆ ತಗ್ಗು?" ಇದು ಅವರ ಇನ್ನೊಂದು ಪ್ರಶ್ನೆ. ಎರಡೂ ಹೊತ್ತು ಹಿಂಬದಿಯೇ ತಗ್ಗು ಎಂದರು ಭಾವ. ಹಾಗಾದರೆ ತಳವನ್ನು ಹಿಂದಿನ ಒಂದು ಮೂಲೆಗೆ ಇಳಿಜಾರು ಮಾಡಿ, ಆ ಮೂಲೆಯಲ್ಲಿ ಬಟ್ಟಲಿನಂತೆ ತಗ್ಗು ಕೊಟ್ಟು, ಅಲ್ಲಿಗೆ ತಿರುಪು ಹಾಕುವುದೆಂದಾಯಿತು. ಎಣ್ಣೆ ಎಳೆಯುವ ಪೈಪು ಮೇಲಿನಿಂದ ಇಳಿದು ತಳಕ್ಕೆ ಒಂದು ಇಂಚು ಮೊದಲೇ ನಿಲ್ಲಬೇಕು. ನೀರು ಅದರ ಕೆಳಗೆ ಕೂರಲಿ, ತಿರುಪು ತೆಗೆದಾಗ ಹೊರಗೆ ಬರಲಿ. ಹಾಲಿನ ಪಾತ್ರೆಯಲ್ಲಿ ಕೊನೆಯ ತೊಟ್ಟು ಉಳಿದರೆ ನಾಳೆಯ ಹಾಲು ಕೆಡುತ್ತದೆ. ಚೂಪು ಮೂಲೆ ಇದ್ದರೆ ಕುಂಚ ಹೋಗುವುದಿಲ್ಲ, ಅಲ್ಲಿ ಹುಳಿ ಹುಟ್ಟುತ್ತದೆ. ಡೇರಿಯವರಿಗೆ ಗೊತ್ತಿದ್ದ ಈ ಪಾಠವನ್ನು ಮೇಸ್ತ್ರಿ ಹಾಗೆಯೇ ಡೀಸೆಲ್ಲಿಗೆ ತಂದರು. ತಗಡನ್ನು ಮೂಲೆಯಲ್ಲಿ ಕತ್ತರಿಸಿ ಜೋಡಿಸದೆ ಗುಂಡಾಗಿ ಬಗ್ಗಿಸಿದರು. ಮೇಲ್ಭಾಗದಲ್ಲಿ ಕೈ ಹೋಗುವಷ್ಟು ಅಗಲದ ಮುಚ್ಚಳ ಇಟ್ಟು ಎಂಟು ಬೋಲ್ಟು ಕೊಟ್ಟರು. "ಕಣ್ಣು ಹಾಕಕ್ಕೆ ಆಗದ ಪಾತ್ರೆ ತೊಳೆಯಕ್ಕೂ ಆಗಲ್ಲ" ಎಂಬುದು ಅವರ ಮಾತು.

ಭಾವನಿಂದ ಮೇಸ್ತ್ರಿ ಕಲಿತದ್ದೂ ಇದೆ. ಡೀಸೆಲ್ ಇಂಜಿನ್ ತಾನು ಎಳೆದ ಎಣ್ಣೆಯನ್ನೆಲ್ಲ ಸುಡುವುದಿಲ್ಲ, ಉಳಿದದ್ದನ್ನು ಇನ್ನೊಂದು ಪೈಪಿನಲ್ಲಿ ಟ್ಯಾಂಕಿಗೆ ಮರಳಿಸುತ್ತದೆ. ಎರಡು ಟ್ಯಾಂಕಿ ಇದ್ದಾಗ ಯಾವುದರಿಂದ ಎಳೆಯುತ್ತೇವೆಯೋ ಅದಕ್ಕೇ ಮರಳಿಸಬೇಕು. ಇಲ್ಲವಾದರೆ ಒಂದು ಬರಿದಾಗುತ್ತಾ ಇನ್ನೊಂದು ತುಂಬಿ ಉಕ್ಕುತ್ತದೆ. ಹಾಗಾಗಿ ಮರಳುವ ಪೈಪಿಗೂ ಬೇರೆ ವಾಲ್ವು ಬೇಕಾಯಿತು. ಗಾಳಿ ಆಡುವ ಸಣ್ಣ ಪೈಪನ್ನು ಡೆಕ್ಕಿಗಿಂತ ಎತ್ತರಕ್ಕೆ ಒಯ್ದು, ಊರುಗೋಲಿನ ಹಿಡಿಯಂತೆ ಕೆಳಮುಖ ಬಗ್ಗಿಸಬೇಕೆಂದೂ ಭಾವನೇ ಹೇಳಿದರು. ಅಲೆಯ ನೀರು ಒಳಗೆ ಹೋಗಬಾರದು.

ಯಾವ ಲೋಹ ಎಂಬುದೇ ಹಣದ ಪ್ರಶ್ನೆ. ಅಗ್ಗಕ್ಕೆ ಸತು ಬಳಿದ ತಗಡು ಸಿಗುತ್ತದೆ, ನೀರಿನ ಟ್ಯಾಂಕಿಗೆ ಚೆನ್ನ. ಡೀಸೆಲ್ಲಿಗೆ ಅದು ಕೂಡದು. ಸತುವು ಎಣ್ಣೆಯ ಜೊತೆ ಸೇರಿ ಸಾಬೂನಿನಂಥ ಜಿಗುಟಾಗಿ ಇಂಜಿನ್ನಿನ ಸಣ್ಣ ರಂಧ್ರಗಳನ್ನು ಕಟ್ಟುತ್ತದೆ. ಡೇರಿಗಳಲ್ಲಿ ಬಳಸುವುದು 304 ನಂಬರಿನ ಸ್ಟೀಲು. ಉಪ್ಪುನೀರಿನ ಹತ್ತಿರಕ್ಕೆ 316 ಮೇಲು, ಅದರಲ್ಲಿ ಮಾಲಿಬ್ಡಿನಂ ಬೆರೆತಿರುತ್ತದೆ. ಕಣ್ಣಿಗೆ ಎರಡೂ ಒಂದೇ, ಅಯಸ್ಕಾಂತ ಹಿಡಿದರೂ ವ್ಯತ್ಯಾಸ ಗೊತ್ತಾಗದು. ಕಾರ್ಖಾನೆಯ ಸರ್ಟಿಫಿಕೇಟ್ ಕೇಳಿ ಕೊಳ್ಳಬೇಕು. ತಗಡು, ಕೂಲಿ, ವಾಲ್ವು, ಪೈಪು ಎಲ್ಲ ಸೇರಿ 46 ಸಾವಿರ ಆಗುತ್ತದೆಂದು ಲೆಕ್ಕ ಬಂತು. ಮೂರು ಸಾವಿರದ ತೇಪೆ ಎಲ್ಲಿ, 46 ಸಾವಿರ ಎಲ್ಲಿ? ಭಾವ ಎರಡು ದಿನ ಫೋನ್ ಎತ್ತಲಿಲ್ಲ. ಮೂರನೆಯ ದಿನ ತಂಗಿಯೇ ಫೋನ್ ಮಾಡಿ, ಮಗಳ ಕಾಲೇಜಿಗೆಂದು ಕಟ್ಟುತ್ತಿದ್ದ ಚೀಟಿ ಎತ್ತಿದ್ದೇನೆ, ಕೆಲಸ ಶುರು ಮಾಡಿಸಿ ಎಂದಳು. "ಕಾಲೇಜಿಗೆ ಕಳಿಸೋಕೆ ಮಗಳಿಗೆ ಅಪ್ಪ ಇರಬೇಕಲ್ಲ ಭಾಯಿ" ಎಂದಳು. ನಾವು ಮರುಮಾತಾಡಲಿಲ್ಲ.

ಎರಡು ಮಿಲಿಮೀಟರ್ ತಗಡಿನ ಆ ಟ್ಯಾಂಕಿಗಳು ಒಂದೊಂದೂ 27 ಕೆ.ಜಿ. ತೂಗಿದವು. ಬೆಸುಗೆಯ ಪಕ್ಕದಲ್ಲಿ ಸ್ಟೀಲು ನೀಲಿಯಾಗಿರುತ್ತದೆ. ಆ ನೀಲಿಯನ್ನು ಹಾಗೇ ಬಿಟ್ಟರೆ ತುಕ್ಕು ಮೊದಲು ಹುಟ್ಟುವುದು ಅಲ್ಲೇ. ಮೇಸ್ತ್ರಿ ಆಸಿಡ್ ಪೇಸ್ಟ್ ಹಚ್ಚಿ ತೊಳೆದು ಬಿಳಿ ಮಾಡಿದರು. ಆಮೇಲೆ ಬಾಯಿಗಳನ್ನೆಲ್ಲ ಮುಚ್ಚಿ ಮೂರು ಪೌಂಡ್ ಗಾಳಿ ತುಂಬಿ, ಬೆಸುಗೆಯ ಮೇಲೆಲ್ಲ ಸಾಬೂನಿನ ನೊರೆ ಬಳಿದರು. ಒಂದೇ ಒಂದು ಕಡೆ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿತು. ಅಲ್ಲಿಗೆ ಬಿಂದು ಹೊಡೆದು ಮತ್ತೆ ನೊರೆ ಬಳಿದರು. ರಾತ್ರಿಯಿಡೀ ಗಾಳಿ ಹಾಗೇ ಬಿಟ್ಟು ಬೆಳಿಗ್ಗೆ ಮುಳ್ಳು ನೋಡಿದರು, ಅಲ್ಲಾಡಿರಲಿಲ್ಲ. ಯಶವಂತಪುರದಿಂದ ಲಾರಿ ಪಾರ್ಸೆಲ್ಲಿನಲ್ಲಿ ಗೋಣಿ ಸುತ್ತಿಸಿಕೊಂಡು ಟ್ಯಾಂಕಿಗಳು ಘಟ್ಟ ಇಳಿದವು.

ಮೇಸ್ತ್ರಿ ಕಟ್ಟಿಕೊಟ್ಟ ಒಂದು ಪೊಟ್ಟಣ ಅದರ ಜೊತೆಗಿತ್ತು: ರಬ್ಬರಿನ ಪಟ್ಟಿಗಳು. ಟ್ಯಾಂಕಿಯನ್ನು ನೇರವಾಗಿ ಮರದ ಮೇಲೆ ಕೂರಿಸಬಾರದು, ಕೆಳಗೆ ಗೋಣಿ ಬಟ್ಟೆ ಹಾಸಬಾರದು. ಒದ್ದೆಯಾದ ಬಟ್ಟೆಗೆ ಒತ್ತಿಕೊಂಡ ಜಾಗದಲ್ಲಿ ಗಾಳಿ ಆಡದೆ ಎಂಥ ಸ್ಟೀಲೂ ಕುಳಿ ಬೀಳುತ್ತದೆ. ಪಟ್ಟಿಗಳನ್ನು ತಳಕ್ಕೆ ಅಂಟಿಸಿ, ನಡುವೆ ಗಾಳಿ ಆಡಲು ಬಿಟ್ಟು, ಮೇಲೆ ಪಟ್ಟಿ ಬಿಗಿದು ಅಲುಗದಂತೆ ಕಟ್ಟಬೇಕು. ಭಾವ ಹಾಗೆಯೇ ಮಾಡಿದರು.

ಜುಲೈ ಕೊನೆಯ ವಾರ ನಾವೂ ತೆಂಗಿನಗುಂಡಿಗೆ ಹೋಗಿದ್ದೆವು. ಕತ್ತರಿಸಿದ ಹಳೆಯ ಟ್ಯಾಂಕಿಯ ತಳಭಾಗ ಅಂಗಳದಲ್ಲಿ ಬಿದ್ದಿತ್ತು. ಮೂರು ಬೆರಳು ದಪ್ಪದ ಕಪ್ಪು ಲೋಳೆ ಒಣಗಿ ಹೊಪ್ಪಳೆಯಾಗಿತ್ತು. ಅದನ್ನು ಕೆರೆದು ತಗಡನ್ನು ಬಿಸಿಲಿಗೆ ಹಿಡಿದಾಗ ಹಿಟ್ಟಿನ ಜರಡಿಯಂತೆ ಬೆಳಕು ತೂರಿ ಬಂತು. ತಂಗಿ ಅದನ್ನು ನೋಡುತ್ತಾ ನಿಂತಳು. ಭಾವ ತಲೆ ತಗ್ಗಿಸಿ, "ಹೇಳಿದ್ದರೆ ನೀನು ಹೋಗಲು ಬಿಡುತ್ತಿರಲಿಲ್ಲ" ಎಂದರು. "ಬಿಡುತ್ತಿರಲಿಲ್ಲ" ಎಂದಳು ಅವಳು. "ಅದಕ್ಕೇ ಹೇಳಬೇಕಿತ್ತು."

ಪೆಟ್ರೋಲಿನ ದೋಣಿಯವರಿಗೆ ಈ ಲೆಕ್ಕ ಸ್ವಲ್ಪ ಬೇರೆ. 2023ರ ರಾಜ್ಯ ಬಜೆಟ್ಟಿನಲ್ಲಿ ಸೀಮೆಎಣ್ಣೆ ಇಂಜಿನ್ ಬದಲಿಸುವ ನಾಡದೋಣಿಗಳಿಗೆ ತಲಾ 50 ಸಾವಿರ ರೂಪಾಯಿ ಸಹಾಯಧನ ಪ್ರಕಟವಾದ ಮೇಲೆ ಪೆಟ್ರೋಲಿನತ್ತ ಹೊರಳುವವರಿದ್ದಾರೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಮುಚ್ಚಿದ ದೋಣಿಯ ಹೊಟ್ಟೆಯಲ್ಲಿ ಇಳಿದು ಕೂರುತ್ತದೆ. ಒಂದು ಕಿಡಿ ಸಾಕು. 2025ರ ಹೊತ್ತಿಗೆ ನಮ್ಮ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲ್ ಬೆರೆತಿದೆ. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ, ಮಿತಿ ಮೀರಿದಾಗ ನೀರಿನೊಡನೆ ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತದೆ. ಹಳೆಯ ರಬ್ಬರ್ ಪೈಪುಗಳನ್ನೂ ಅದು ಮೆತ್ತಗೆ ಮಾಡುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದ ಹಳೆಯ ಸ್ಕೂಟರ್ ಇರುವ ಯಲಹಂಕದವರಿಗೂ ಈ ಮಾತು ಅನ್ವಯ.

ಆಗಸ್ಟ್ ಮೊದಲ ವಾರ ಬೋಟು ನೀರಿಗಿಳಿಯಿತು. ಆ ವರ್ಷದ ಮೀನು ಅಂಥ ಹೇಳಿಕೊಳ್ಳುವಂಥದ್ದೇನಲ್ಲ. ಚೀಟಿಯ ಹಣ ತುಂಬಲು ವರ್ಷ ಹಿಡಿಯಿತು. ಆದರೆ ಇಂಜಿನ್ ಒಮ್ಮೆಯೂ ನಿಲ್ಲಲಿಲ್ಲ. ಮೇಸ್ತ್ರಿಯನ್ನು ಸಮುದ್ರ ತೋರಿಸಲು ಕರೆದೊಯ್ಯುತ್ತೇವೆಂದು ಹೇಳಿದ್ದೇವೆ. "ಟ್ಯಾಂಕಿ ನೋಡ್ಕಂಡು ಬರಬೋದು ಅಲ್ವಾ?" ಎಂದು ಕೇಳುತ್ತಾರೆ. ಅವರಿಗೆ ಸಮುದ್ರ ಎರಡನೆಯದು.

ಈಗ ಪ್ರತಿ ತಿಂಗಳ ಮೊದಲ ಶುಕ್ರವಾರ ಬೋಟು ದಕ್ಕೆಯಲ್ಲೇ ಇರುತ್ತದೆ. ಭಾವ ಪಾನಾ ಹಿಡಿದು ಕೆಳಗಿಳಿದು ಮೂಲೆಯ ತಿರುಪನ್ನು ಸಡಿಲಿಸುತ್ತಾರೆ. ಗಾಜಿನ ಲೋಟ ತಂಗಿಯ ಕೈಯಲ್ಲಿ. ಕೆಲವು ತಿಂಗಳು ಕಾಲು ಲೋಟ, ಮಳೆಗಾಲದ ನಂತರ ಅರ್ಧ ಲೋಟ ನೀರು ಬರುತ್ತದೆ. ಎಷ್ಟು ಬಂತೆಂದು ಅವಳು ಕ್ಯಾಲೆಂಡರಿನಲ್ಲಿ ಬರೆದಿಡುತ್ತಾಳೆ. ಆ ನೀರು ಹಿಂದಿನ 22 ವರ್ಷವೂ ಬರುತ್ತಲೇ ಇತ್ತು, ಕಾಣುತ್ತಿರಲಿಲ್ಲ ಅಷ್ಟೆ.